ಕೂಸಿನ ಅರಿವೆ

ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಇಂದಿಗೂ ನವಲಗುಂದ ಸೀಮೆಯ ನಮ್ಮೂರ ಕೆರೆ ಕಣ್ಣೆದುರು ನಿಲ್ಲುತ್ತದೆ.

ಆ ಬೇಸಿಗೆಯಲ್ಲಿ ಕುಡಿಯಲು ಉಳಿದಿದ್ದು ಅದೊಂದೇ ಮೊಣಕಾಲುದ್ದ ನೀರು. ಅದರಲ್ಲಿ ಯಾರೂ ಕಾಲಿಡುವಂತಿರಲಿಲ್ಲ. ಭೇದಿ ಹತ್ತಿದ್ದ ಕೂಸು ತಮ್ಮನ ಅರಿವೆಗಳನ್ನು ದೂರದ ಉಪ್ಪುನೀರಿನ ಸವಳು ಬಾವಿಯಲ್ಲಿ ಒಗೆದು ತಾ ಎಂದು ಅವ್ವ ಕಳಿಸಿದ್ದಳು. ಬಿಸಿಲಿಗೆ ಬೇಸತ್ತು ನಾನು ಕಾವಲಿನವನ ಕಣ್ಣು ತಪ್ಪಿಸಿ ಕೆರೆಯಲ್ಲೇ ಹಿಂಡಿ ತಂದೆ.

ವಾರದೊಳಗೆ ಓಣಿಯೆಲ್ಲ ಭೇದಿ. ಬಾಜು ಮನೆಯ ನೀಲವ್ವನ ಮಗ ತೀರಿಕೊಂಡ. ಮಧ್ಯಾಹ್ನ ಮಣ್ಣು ಮಾಡಿ ಬಂದ ಹಿರಿಯರು ಕೆರೆ ಕಾಯುವ ಮುದುಕನನ್ನು ಹಿಡಿದು ಜಗ್ಗಿದರು.

"ಕೆರ್ಯಾಗ ಯಾರನ್ನ ಇಳಿಸಿದಿ, ಹೇಳಲೇ!"

ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಸೆರಗು ಹೊದ್ದು ಮುಂದೆ ಹೋದಳು.

"ಅಂವನ್ನ ಬಿಡ್ರಿ. ಕೂಸಿನ ಅರಿವಿ ಒಗದಾಕಿ ನಾನ ರೀ."

ನೀಲವ್ವ ಎದ್ದು ತನ್ನ ಮನೆಯ ಕದ ಹಾಕಿಕೊಂಡಳು.

ಸಂಜೆ ಕೆರೆಗೆ ಪುಡಿ ಸುರಿದರು. ಅವ್ವ ಸಾಯುವವರೆಗೂ ಸವಳು ನೀರನ್ನೇ ಕುಡಿದಳು, ಕೆರೆಯ ನೀರು ಮುಟ್ಟಲಿಲ್ಲ.

ನಾನು ಕುಡಿದೆ.