ಹೊಸ್ತಿಲ ಕವಾಯತು

ಖರೆ ನಡೆದದ್ದನ್ನೇ ಹೇಳುತ್ತೇನೆ. ಆ ದಿನ ಸಾಲಿಯ ಒಂದು ಮಗುವಿಗೂ ಬೆಂಕಿ ತಾಗಲಿಲ್ಲ. ತಾಗದಿರಲು ಇದ್ದ ಕಾರಣ ಒಂದೇ, ಆ ದಿನ ಬೆಂಕಿಯೇ ಇರಲಿಲ್ಲ. ಗೌರವ್ವ ಅಕ್ಕೋರು ಕವಾಯತಿನ ಗಂಟೆ ಬಾರಿಸಿದರು, ಬಾಗಿಲಲ್ಲಿ ಗಂಟು ಬಿತ್ತು. ಎಲ್ಲರಿಗಿಂತ ಮುಂದಿದ್ದ ಕಾಶೆವ್ವ ರೂಢಿಯಂತೆ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿನವನು ಅವಳ ಮೇಲೆ ಬಿದ್ದ, ಅವನ ಹಿಂದಿನವನು ಅವನ ಮೇಲೆ. ಅಡಿಯಲ್ಲಿ ಸಿಕ್ಕವರೂ ಬಿಡಲಿಲ್ಲ, ಬಿದ್ದಲ್ಲಿಂದಲೇ ಕೈ ಚಾಚಿ ಹೊಸ್ತಿಲು ಮುಟ್ಟಿದರು.

ಏಕೀಕರಣದ ಮರುವರ್ಷ, ಘೋಡಗೇರಿಯ ಆಚೆಗಿನ ಒಂದು ಊರು. ಸಾಲಿಗೆ ಕಬ್ಬಿನ ಒಣ ಎಲೆಯ ರವದಿ ಹೊದಿಸಿದ ಮಾಡು, ಒಂದೇ ಬಾಗಿಲು, ಬಾಜೂದಲ್ಲೇ ಬೆಲ್ಲದ ಗಾಣ. ಗಾಣದ ಒಲೆ ಉರಿಯುವ ದಿನಗಳಲ್ಲಿ ಕಿಡಿಗಳು ಸಾಲಿಯ ಅಂಗಳಕ್ಕೇ ಬಂದು ಬೀಳುತ್ತಿದ್ದವು. ಬೆಂಕಿ ಬಿದ್ದರೆ ಹೊರಗೆ ಬರುವುದನ್ನು ಮಕ್ಕಳಿಗೆ ಕವಾಯತಿನಂತೆ ಕಲಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಹೆಡ್‌ಮಾಸ್ತರ ರಾವಸಾಹೇಬರು ಅದಕ್ಕೆ ಸಹಿ ಹಾಕಿ ಮೊಳೆಗೆ ಚುಚ್ಚಿದ್ದರು. ಟ್ರೇನಿಂಗ್ ಮುಗಿಸಿ ಹೊಸದಾಗಿ ಕಲಿಸಲು ಬಂದ ಗೌರವ್ವ ಅಕ್ಕೋರು ಅದನ್ನು ಮೊಳೆಯಿಂದ ಬಿಡಿಸಿದರು. ಅವರ ತವರು ಕೌಜಲಗಿಯಲ್ಲಿ ಇಂಥದೇ ಮಾಡಿನ ಮನೆಯೊಂದು ಹೊತ್ತಿದ್ದನ್ನು ಅವರು ಸಣ್ಣವರಿದ್ದಾಗ ಕಂಡಿದ್ದರು. ಒಳಗಿದ್ದವರು ಬಾಗಿಲ ತನಕ ಬಂದಿದ್ದರು, ಹೊರಗೆ ಬಂದಿರಲಿಲ್ಲ.

ಹೊಸ್ತಿಲು ಮುಟ್ಟುವುದು ರಾವಸಾಹೇಬರೇ ಹಾಕಿಕೊಟ್ಟ ರೂಢಿ. ಸಾಲಿಯೆಂದರೆ ಗುಡಿ ಎನ್ನುತ್ತಿದ್ದರು. ಹೊಸ್ತಿಲು ಮುಟ್ಟದವನಿಗೆ ಬೆತ್ತ ಮುಟ್ಟುತ್ತಿತ್ತು. ಮಕ್ಕಳು ಹಾಗೆ ಬಿದ್ದ ಮೇಲೆ, ಕವಾಯತಿನ ಗಂಟೆಗೆ ಮಾತ್ರ ಮುಟ್ಟುವುದು ಬೇಡವೆಂದು ನೀವೇ ಮಕ್ಕಳಿಗೆ ಹೇಳಬೇಕು ಎಂದು ಅಕ್ಕೋರು ಕೇಳಿಕೊಂಡರು. ರಾವಸಾಹೇಬರು ಚಿಟಿಕೆ ತಪಕೀರು ಮೂಗಿಗೆ ಏರಿಸಿ, ಎಂದಿನಂತೆ ಅರ್ಧ ಮಾತನ್ನು ಮೂಗಿನಿಂದಲೇ ಆಡಿದರು.

"ಹೂಂ, ಕೇಳ್ರಿ ಅಕ್ಕೋರ. ಇಷ್ಟು ವರ್ಷ ಹತ್ತಲಾರದ ಬೆಂಕಿ ನೀವು ಬಂದ ಮ್ಯಾಲೆ ಹತ್ತತೈತೇನು?"

"ಅದು ನನ್ನ ಕೇಳಿ ಹತ್ತೂದಿಲ್ರಿ ಸರ. ನಿಮ್ಮನ್ನೂ ಕೇಳೂದಿಲ್ಲ."

"ನಾ ಅಂತೂ ಹೇಳೂದಿಲ್ಲ. ನನ್ನ ದನಿ ಕೇಳೂ ತನಕಾ ಆ ಹುಡುಗ್ರು ಮುಟ್ಟೂದು ಬಿಡೂದೂ ಇಲ್ಲ."

"ಹಂಗಾರ ನಿಮ್ಮ ದನೀಲೇ ಹೇಳಸ್ತೇನಿ ಬಿಡ್ರಿ," ಎಂದು ಅಕ್ಕೋರು ಎದ್ದರು.

ರಾವಸಾಹೇಬರಿಗೆ ಗೊತ್ತಿರದ ಸಂಗತಿ ಒಂದಿತ್ತು. ಟ್ರೇನಿಂಗಿನ ವಸತಿಯಲ್ಲಿ ಅಕ್ಕೋರು ಕತ್ತಲಲ್ಲಿ ನಿಂತು ಮೇಲ್ವಿಚಾರಕಿಯ ದನಿಯಲ್ಲಿ ಹೆಸರು ಕೂಗಿದರೆ, ಹುಡುಗಿಯರೆಲ್ಲ ಹಾಸಿಗೆಯಲ್ಲಿ ಎದ್ದು ಕುಳಿತು ಹಾಜರಿ ಹೇಳುತ್ತಿದ್ದರು. ಈಗ ಅವರು ಬಾಡಿಗೆಯ ಕೋಣೆಯಲ್ಲಿ ಮೂಗು ಹಿಡಿದುಕೊಂಡು ಹೆಡ್‌ಮಾಸ್ತರರ ದನಿಯ ಬೆನ್ನು ಹತ್ತಿದರು. ಒಂದು ಸಂಜೆ ಮನೆಯ ಒಡತಿ ಹಣಮವ್ವ ಹೆಡ್‌ಮಾಸ್ತರರೇ ಬಂದರೆಂದು ತಿಳಿದು, ತಲೆಯ ಮೇಲೆ ಸೆರಗು ಎಳೆದುಕೊಂಡು ಎರಡು ಕಪ್ಪು ಚಹಾ ತಂದಳು. ಅಕ್ಕೋರು ಎರಡನ್ನೂ ಕುಡಿದರು. ಇನ್ನು ಬೇಕಾದದ್ದು ಗಾಳಿ ಮಾತ್ರ.

ಗಾಳಿ ಒಂದು ಮಧ್ಯಾಹ್ನ ತಿರುಗಿತು. ಗಾಣದ ಹೊಗೆಯೆಲ್ಲ ಸಾಲಿಯೊಳಗೆ ನುಗ್ಗಿತು. ಒಳಗಿನ ಕೋಣೆಯ ಕುರ್ಚಿಯಲ್ಲಿ ಊಟದ ಮೇಲಿನ ನಿದ್ದೆಯಲ್ಲಿದ್ದ ರಾವಸಾಹೇಬರಿಗೆ ಅದರ ಪರಿವೆ ಇರಲಿಲ್ಲ. ಅಕ್ಕೋರು ಹೊರಗೆ ಹೋಗಿ ಒಂದೇ ಸಮನೆ ಗಂಟೆ ಬಾರಿಸಿ, ಕಿಟಕಿಯ ಮರೆಗೆ ನಿಂತು ಮೂಗು ಹಿಡಿದರು.

"ಹೂಂ, ಕೇಳ್ರಿ. ಯಾರೂ ಹೊಸ್ತಿಲ ಮುಟ್ಟಬ್ಯಾಡ್ರಿ. ಜಿಗದು ಬೇವಿನ ಗಿಡದ ಕಡೆ ನಡೀರಿ."

ಕಾಶೆವ್ವನ ಕೈ ಅರ್ಧ ಕೆಳಗೆ ಹೋಗಿತ್ತು. ಅದನ್ನು ಎಳೆದುಕೊಂಡು ಜಿಗಿದಳು. ಅವಳ ಹಿಂದೆ ಉಳಿದವರೂ ಜಿಗಿದರು, ಎಲ್ಲಿಯೂ ಗಂಟು ಬೀಳಲಿಲ್ಲ. ತುಸು ಹೊತ್ತಿನಲ್ಲಿ ಬೇವಿನ ಗಿಡದ ಕೆಳಗೆ ಇಡೀ ಸಾಲಿ ನಿಂತಿತ್ತು.

ಆಮೇಲೆ ಬಂದವರು ರಾವಸಾಹೇಬರು. ಎಚ್ಚರವಾದಾಗ ಕಣ್ಣಿಗೆ ಹೊಗೆ, ಕಿವಿಗೆ ಗಂಟೆ, ಅದರ ಮೇಲೆ ತಮ್ಮದೇ ದನಿ. ಧೋತರ ಎತ್ತಿ ಹಿಡಿದು, ಕೆಮ್ಮುತ್ತ ಬಾಗಿಲಿಗೆ ಓಡಿ ಬಂದವರು ಅಲ್ಲಿ ನಿಂತುಬಿಟ್ಟರು. ಬಗ್ಗಿದರು. ಟೊಪಿಗೆ ಜಾರಿ ಅಂಗಳಕ್ಕೆ ಉರುಳಿತು. ಅವರ ಕೈ ಇನ್ನೂ ಹೊಸ್ತಿಲ ಮೇಲೆಯೇ ಇತ್ತು.

ಗಿಡದ ಕೆಳಗಿನಿಂದ ಕಾಶೆವ್ವ ತಡೆಯಲಾರದೆ ಹೇಳಿದಳು: "ಗುರುಗಳ, ಮುಟ್ಟಬ್ಯಾಡ್ರಿ. ನೀವಽ ಈಗ ಹೇಳಿದ್ರಲ್ಲ."

"ನಾ ಎಲ್ಲಿ ಹೇಳೇನಿ?"

ಕಿಟಕಿಯ ಮರೆಯಿಂದ ಅಕ್ಕೋರು ಬೆಳಕಿಗೆ ಬಂದರು. ಎಲ್ಲರೂ ನೋಡುವಂತೆ ಮೂಗು ಹಿಡಿದುಕೊಂಡು, ಅದೇ ದನಿಯಲ್ಲಿ, "ಹೂಂ, ಕೇಳ್ರಿ. ನಾನಽ ಹೇಳೇನಿ," ಎಂದರು.

ರಾವಸಾಹೇಬರು ಬಗ್ಗಿದಲ್ಲಿಂದಲೇ ಅಕ್ಕೋರನ್ನು ನೋಡಿದರು, ಗಾಣದ ಹೊಗೆಯನ್ನು ನೋಡಿದರು, ಗಿಡದ ಕೆಳಗೆ ಒಬ್ಬರೂ ಕಡಿಮೆಯಿಲ್ಲದೆ ನಿಂತ ಮಕ್ಕಳನ್ನು ನೋಡಿದರು. ಹಿಂದೆ ತಿರುಗಿ ಖಾಲಿ ಕೋಣೆಯನ್ನೂ ನೋಡಿದರು. ಒಳಗೆ ಉಳಿದವರು ತಾವೊಬ್ಬರೇ. ಮೆಲ್ಲಗೆ ಹೊಸ್ತಿಲಿನಿಂದ ಕೈ ತೆಗೆದರು, ಧೋತರ ಮೊಣಕಾಲಿಗೆ ಏರಿಸಿದರು, ಜಿಗಿದರು.

ಅಂಗಳದಲ್ಲಿ ದೊಡ್ಡದೊಂದು ನಗು ಎದ್ದಿತು. ಗಾಣದ ಆಳುಗಳು ಕೆಲಸ ಬಿಟ್ಟು ತಿರುಗಿ ನೋಡಿದರು. ಹೆಡ್‌ಮಾಸ್ತರರ ದನಿಯಲ್ಲಿ ಅಂಥದೊಂದು ನಗುವನ್ನು ಮಕ್ಕಳು ಈವರೆಗೆ ಕೇಳಿರಲಿಲ್ಲ. ಎಲ್ಲರೂ ಥಟ್ಟನೆ ಅಕ್ಕೋರ ಕಡೆ ತಿರುಗಿದರು.

ಅಕ್ಕೋರ ಬಾಯಿ ಮುಚ್ಚಿತ್ತು.