ಹಾಲುಕೋಣೆಯ ಹೊಸ್ತಿಲು

ಮೊರದಲ್ಲಿ ಸಾಮೆ ಕೇರುತ್ತಿದ್ದ ಲಿಂಗಿಯ ಕೈ ನಿಂತಿತು. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದ ಜೀಪು ಹಟ್ಟಿಗೆ ಬಂದಿತ್ತು. ‘ಸೂಜಿ ಚುಚ್ಚಿ ಮಕ್ಕಳ ವಂಶವನ್ನೇ ನಿಲ್ಲಿಸ್ತಾರಂತೆ’ ಎಂದು ಅತ್ತೆ ಹೇಳಿದ್ದಳು. ‘ಐದು ಮಕ್ಕಳು ಸಾಕು, ನನ್ನ ಆಪರೇಷನ್‌ಗೆ ಒಪ್ಪಿಕೊಳ್ಳಿ’ ಎಂದು ಮಿಲಿಟರಿಯಲ್ಲಿದ್ದ ಗಂಡನಿಗೆ ಬರೆಸಿದ್ದ ಕಾಗದವನ್ನು ಆ ಹೆದರಿಕೆಗೇ ಅವಳು ತಿಂಗಳುಗಟ್ಟಲೆ ತೊಲೆಯ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದಳು. ಈಗ ನಾಯಿಕೆಮ್ಮಿನ ಕಿರಿಮಗನನ್ನು ಎತ್ತಿ, ಹೆಂಗಸರು ಕಾಲಿಡಬಾರದ ಹಾಲುಕೋಣೆಯೊಳಗೆ ಬಿಟ್ಟು, ಹೊಸ್ತಿಲಾಚೆಯಿಂದಲೇ ಬಾಗಿಲೆಳೆದಳು.

“ಕೂಸೆಲ್ಲಿ ಲಿಂಗಿ? ನನ್ನ ಕಂಡರೆ ಚಿರತೆ ಕಂಡ ಹಾಗೆ ಓಡ್ತೀರಲ್ಲ!” ನರ್ಸ್ ಭಾಗೀರಥಿ ನಗುತ್ತ ಒಳಗೆ ಬಂದಳು.

“ತಾತನ ಹಟ್ಟಿಗೆ ಹೋಗ್ಯದೆ, ಅಕ್ಕಾ.”

ಹಾಲುಕೋಣೆಯಲ್ಲಿ ಕೆಮ್ಮು ಎದ್ದಿತು. ಎಳೆದೆಳೆದು ಬಂದು, ತಟ್ಟನೆ ನಿಂತುಹೋಯಿತು. ಲಿಂಗಿ ಬಾಗಿಲ ಬಳಿಗೆ ಓಡಿದಳು. ಹೊಸ್ತಿಲು ದಾಟಿದರೆ ದೇವರು ಮುನಿಯುತ್ತಾನೆ. ದಾಟದಿದ್ದರೆ? ಅವಳು ದಾಟಿದಳು. ತುಟಿ ನೀಲಿಗಟ್ಟಿದ್ದ ಕೂಸನ್ನು ತಂದು ನರ್ಸಿನ ಮಡಿಲಿಗೆ ಹಾಕಿದಳು. ಭಾಗೀರಥಿ ಅದನ್ನು ಬೋರಲಾಗಿ ಹಿಡಿದು ಬೆನ್ನಿಗೆ ತಟ್ಟಿದಳು, ಬಾಯಿಯಿಂದ ಕಫ ತೆಗೆದಳು, ಮತ್ತೆ ತಟ್ಟಿದಳು. ಕೂಸು ಕಿಟಾರನೆ ಕಿರುಚಿತು.

ಲಿಂಗಿ ತೊಲೆಯ ಸಂದಿಗೆ ಕೈ ಹಾಕಿದಳು. ಬಚ್ಚಿಟ್ಟಿದ್ದ ಕಾಗದವನ್ನು ತೆಗೆದು ಭಾಗೀರಥಿಯತ್ತ ಚಾಚಿದಳು.

“ಅಕ್ಕಾ, ಊಟಿಗೆ ಹೋದಾಗ ಈ ಕಾಗದ ಟಪಾಲಿಗೆ ಹಾಕಿಬಿಡಿ.”