ಹತ್ತೊಂಬತ್ತು ಇಂಚಿನ ದಿಮಾಕು

"ಏನ್ರೀ ಗುರುಪುತ್ರಪ್ಪ, ಕಂಪ್ಯೂಟರಿಗೆ ಉಡಿ ತುಂಬೀರೇನು? ಹಣಿ ತುಂಬ ಟಿಕಳಿ ಹಚ್ಚೀರಲ್ಲ!"

ಮಗಳ ಲಗ್ನಪತ್ರಿಕಿ ಒಯ್ಯಾಕ ಖಾನಾಪುರದಿಂದ ಬಂದ ಬಾಳಪ್ಪ, ಮಾನಿಟರ್ ನೋಡಿ ಹೊಟ್ಟಿ ಹಿಡಕೊಂಡು ನಕ್ಕ. ಗಾಜಿನ ಮ್ಯಾಲಿನ ಅಂಚಿಗೆ ಸಾಲಾಗಿ ಮೂರು ಟಿಕಳಿ ಅಂಟಿದ್ವು. ಕೆಂಪು, ಹಸರು, ಕರೇದು. ಟಿಳಕವಾಡಿಯ ಆ ಸಣ್ಣ ಪ್ರೆಸ್ಸಿನ ಮಾಲಕ ಗುರುಪುತ್ರಪ್ಪನ ಮಾರಿ ಕೆಂಪು ಟಿಕಳಿಗಿಂತ ಕೆಂಪಾತು.

"ಏ ತ್ರಿವೇಣಿ, ಏನಿದು?"

"ಗುರ್ತು ರೀ ಸರ್. ಮ್ಯಾಲಿನ ಒತ್ತೋ ಚಿತ್ರ ಒಂದೂ ಕಾಣಂಗಿಲ್ಲಲ್ರೀ. ಕೆಂಪು ಟಿಕಳಿ ಕೆಳಗಿಂದು ಉಳಸೂದು, ಅಂದ್ರ ಸೇವ್, ಹಸರಿನ ಕೆಳಗಿಂದು ಪ್ರಿಂಟ್. ಕರೇದರ ಕೆಳಗ ಕೈ ಹಚ್ಚಾಂಗಿಲ್ಲ, ಎಲ್ಲಾ ಮುಚ್ಚಿ ಹೋಗ್ತೈತಿ."

ಆಕಿ ಹೇಳಿದ್ದು ಖರೇ. ತಿಂಗಳ ಹಿಂದ ಗುರುಪುತ್ರಪ್ಪ ಹತ್ತೊಂಬತ್ತು ಇಂಚಿನ ಮಾನಿಟರ್ ತಂದಿದ್ದ. ಇಬ್ರು ಹೊತ್ತು ತಂದು ಇಟ್ರ ಟೇಬಲ್ಲು ಕುಂಯ್ ಅಂದಿತ್ತು. "ಇದರಾಗ ಎಲ್ಲಾಕ್ಕಿಂತ ದೊಡ್ಡ ನಂಬರ್ ಯಾವ್ದೈತಿ, ಅದನ್ನ ಇಡ್ರಿ" ಅಂದ. ಇಟ್ರು. ಪರದೆ ಅಡ್ಡಕ್ಕ ಸಾವಿರದ ಆರುನೂರು ಚುಕ್ಕಿ! ನಂಬರ್ ಹಿಗ್ಗಿತು, ಪರದೆ ಮ್ಯಾಲಿಂದೆಲ್ಲಾ ಕುಗ್ಗಿತು. ಕಾರ್ಡಿನ ಅಕ್ಷರಾನ ಬೇಕಾದಷ್ಟು ದೊಡ್ಡದು ಮಾಡಿ ನೋಡಬಹುದಿತ್ತು. ಆದ್ರ ಸಾಫ್ಟ್‌ವೇರಿನ ಒತ್ತೋ ಚಿತ್ರಗಳು ಮಹಾ ಹಟಮಾರಿ, ಒಂದು ಚೂರೂ ಬೆಳೀಲಿಲ್ಲ. ಫ್ಲಾಪಿ ಚಿತ್ರ ಜೀರಗಿ ಕಾಳಾತು, ಪ್ರಿಂಟರ್ ಚಿತ್ರ ಸಾಸವಿ ಆತು. ಹೋಗ್ಲಿ, ಕೀಬೋರ್ಡಿಲೆ ಮಾಡೂಣು ಅಂದ್ರ ಅದರ ಕಂಟ್ರೋಲ್ ಗುಂಡಿ ಎಂದೋ ಸತ್ತಿತ್ತು. ಕೀಬೋರ್ಡ್ ಏನು ಮಂದಿಗೆ ಕಾಣ್ತೈತೇನು, ಹೊಸಾದು ತರಾಕ?

ತ್ರಿವೇಣಿ ಒಂದು ತಿಂಗಳು ನೋಡೂಣು ಅಂತ ಇಟಗೊಂಡ ಹುಡುಗಿ. ಆ ತಿಂಗಳು ಇವತ್ತ ಮುಗೀತಿತ್ತು. ಬಾಳಪ್ಪನ ಕಾರ್ಡು ಸರಿಯಾಗಿ ಹೋದ್ರ ನೌಕರಿ ಖಾಯಂ ಅಂತ ಮಾಲಕ ಮಾತು ಕೊಟ್ಟಿದ್ದ. ಹೋಗ್ಲಿಲ್ಲಂದ್ರ ಮನ್ಯಾಗ ವರಾ ನೋಡಾಕ ಶುರು ಮಾಡ್ತಾರ, ಅಂದ್ರ ಮುಂದಿನ ಲಗ್ನಪತ್ರಿಕಿ ಆಕೀದ.

"ಸರ್, ಎಂಟುನೂರಕ್ಕ ಇಳಿಸಿದ್ರ ಎಲ್ಲಾ ದೊಡ್ಡದಾಗಿ ಕಾಣ್ತೈತ್ರಿ. ಎರಡ ನಿಮಿಷದ ಕೆಲಸ."

"ಎಂಟುನೂರು? ಛಲೋ ಮಾನಿಟರ್ ತಂದು ಅರ್ಧಾ ಮಾಡ್ಲೇನು? ಕ್ಯಾಂಪ್ ಓಣ್ಯಾಗ ಒಬ್ಬಾವ ಅಷ್ಟು ದೊಡ್ಡ ಪ್ರೆಸ್ಸು ಇಟ್ಟಾನಲ್ಲ, ಅವಂದೂ ಸಾವಿರದ ಮ್ಯಾಲ ಇಲ್ಲ!"

"ಆದ್ರ ಕಾಣಬೇಕಲ್ರೀ?"

"ನನಗ ಕಾಣ್ತೈತಿ. ಏಳು, ಬಾಜೂಕ ಸರಿ."

ಗುರುಪುತ್ರಪ್ಪ ಉಗುರಿಲೆ ಒಂದೊಂದ ಟಿಕಳಿ ಕಿತ್ತು, ಕರ್ಚೀಫಿಲೆ ಗಾಜು ಒರಸಿ, ಕುರ್ಚಿ ಮ್ಯಾಲ ಕುಂತ. ಪರದೆ ಮ್ಯಾಲ ಬಾಳಪ್ಪನ ಕಾರ್ಡು ಇತ್ತು. ಇತ್ತ ಕನ್ನಡ, ಅತ್ತ ಮರಾಠಿ, ಕೆಳಗ ಅರವತ್ತೆರಡು ಹಿರ್ಯಾರ ಹೆಸರು. ಯಾರ ಹೆಸರಿನ ಮ್ಯಾಲ ಯಾರ ಹೆಸರು ಬರಬೇಕಂತ ಎರಡೂ ಮನಿಯವ್ರು ನಾಕು ದಿನ ಜಗಳಾಡಿದ್ರು. ತ್ರಿವೇಣಿ ಮುಂಜಾನಿಂದ ಕುಂತು ಒಂದೊಂದ ಹೊಂದಿಸಿ, ಇನ್ನೇನು ಉಳಸಬೇಕು ಅನ್ನೂದರಾಗ ಬಾಳಪ್ಪ ಬಂದು ನಕ್ಕಿದ್ದ.

"ಸರ್, ಇನ್ನೂ ಉಳಿಸಿಲ್ಲರೀ..."

"ಸುಮ್ನಿರು. ನಿನಗಿಂತ ಮೊದಲ ಪ್ರೆಸ್ಸು ಹಾಕೀನಿ ನಾ."

ಮಾಲಕನ ಮೂಗು ಗಾಜಿಗೆ ತಾಕಿತು. ಮೂಗಿನ ಉಸರಿಗೆ ಗಾಜು ಮಂಜಾತು. ಮತ್ತ ಒರಸಿದ. ಜೀರಗಿ ಬಿಟ್ಟು, ಸಾಸವಿ ಬಿಟ್ಟು, ಅದರ ಬಾಜೂದರ ಮ್ಯಾಲ ಟಕ್ಕಂತ ಒತ್ತಿದ. ನಡುವ ಒಂದು ಡಬ್ಬಿ ಎದ್ದು ನಿಂತಿತು. ಅದರೊಳಗಿನ ಇಂಗ್ಲಿಷು ಇರವಿ ಕಾಲಿನಂಗ ಇತ್ತು.

"ಏನ ಕೇಳಾಕತ್ತೈತ್ರಿ ಅದು?" ಅಂದ ಬಾಳಪ್ಪ.

"ಪ್ರಿಂಟ್ ಮಾಡ್ಲೇನು ಅಂತ ಕೇಳಾಕತ್ತೈತಿ."

"ಮತ್ತ ಹೂಂ ಅನ್ರಿ, ಲೋಂಡಾ ಗಾಡಿ ಹೊತ್ತಾತು."

"ಅಂದೆ" ಅಂತ ಗುರುಪುತ್ರಪ್ಪ ಒತ್ತೇಬಿಟ್ಟ.

ಅದು ಕೇಳಿದ್ದು, ಮುಚ್ಚಾಕತ್ತೀನಿ, ಮಾಡಿದ ಕೆಲಸ ಉಳಸಲೇನು ಅಂತ. ಈತ ಒತ್ತಿದ್ದು ಬ್ಯಾಡ ಅನ್ನೂದರ ಮ್ಯಾಲ. ಅರವತ್ತೆರಡು ಹಿರ್ಯಾರು ಒಮ್ಮೆಲೆ ಮಾಯ ಆದ್ರು.

"ನಮ್ಮ ಬೀಗರು ಎಲ್ಲಿ ಹ್ವಾದ್ರೋ?" ಅಂತ ಬಾಳಪ್ಪ ಮಾನಿಟರಿನ ಹಿಂದ ಹಣಿಕಿ ಹಾಕಿದ.

ತ್ರಿವೇಣಿ ಬಾಯಿ ಮ್ಯಾಲ ಕೈ ಇಟಗೊಂಡು ನಿಂತಳು. ಗುರುಪುತ್ರಪ್ಪ ಎದ್ದು ಆಕೀ ಕಡೆ ಬಟ್ಟು ಮಾಡಿದ.

"ನೋಡ್ರಿ ಬಾಳಪ್ಪ, ಈಕಿ ಟಿಕಳಿ ಅಂಟು ಒಳಗ ಇಳದು ಮಶೀನೇ ಕೆಡಿಸೈತಿ. ಕಣ್ಣ ಸರಿ ಇಲ್ಲದಾವ್ರನ್ನ ಇಟಗೊಂಡ್ರ ಹಿಂಗ ಆಗೂದು. ತ್ರಿವೇಣಿ, ನಾಳಿಂದ ಬರಬ್ಯಾಡ. ಇವ್ರ ಕಾರ್ಡು ಇನ್ನೊಮ್ಮೆ ಮಾಡಿ ಕೊಟ್ಟು ಹೋಗು. ಅದಕ್ಕೂ ಮೊದಲ ಒಂದು ಹಾಳಿ ಟೈಪ್ ಮಾಡು, ಬಾಗಲಿಗೆ ಅಂಟಸ್ತೀನಿ. ಅಕ್ಷರ ದೊಡ್ಡವು ಇರಲಿ."

"ಸರ್, ಒತ್ತಿದಾವ್ರು ನೀವ..."

"ಟೈಪ್ ಮಾಡಂದ್ರ ಮಾಡು!"

ಆಕಿ ಕುಂತಳು. ಮಾಲಕ ಹೇಳಿದ್ದನ್ನ ಹೇಳಿದಂಗ ಟೈಪ್ ಮಾಡಿದ್ಲು. ಕಣ್ಣಾಗ ನೀರು ತುಂಬಿ ಸಾಸವಿ ಎರಡೆರಡು ಕಾಣಾಕತ್ವು. ಹೆಂಗೋ ಹುಡುಕಿ ಒತ್ತಿದ್ಲು. ಪ್ರಿಂಟರ್ ಕರಕರ ಅಂತ ಹಾಳಿ ಹೊರಗ ದೂಡಿತು. ಬಾಜೂಕ ಕುಂತಿದ್ದ ಬಾಳಪ್ಪ ಅದನ್ನ ಎತಗೊಂಡು, ಗಟ್ಟಿಯಾಗಿ, ಅಕ್ಷರಾ ಅಕ್ಷರಾ ಓದಿದ.

"ಬೇಕಾಗಿದ್ದಾರೆ. ಕಣ್ಣು ನೆಟ್ಟಗ ಕಾಣೋ ಆಪರೇಟರ್."

ಹಾಳಿ ಕೆಳಗಿಟ್ಟು ಮಾಲಕನ ಮಾರಿ ನೋಡಿದ. ಈ ಸಲ ನಗಲಿಲ್ಲ.

"ಹಂಗಾರ ಗುರುಪುತ್ರಪ್ಪ," ಅಂದ, "ನಾಳಿಂದ ನೀವು ಏನ ಕೆಲಸಾ ಮಾಡಾವ್ರು?"